ಸರ್ವಿಸ್ ಆದ ಮೇಲೂ ಆರದ ದೀಪ

ಸೋಲಾಪುರದಲ್ಲಿ ಕಾರು ಸರ್ವಿಸ್ ಮಾಡಿಸಿಕೊಂಡು ನೀವು ಮನೆಯವರೊಡನೆ ಇಂಡಿಗೆ ಹಿಂದಿರುಗುತ್ತಿದ್ದೀರಿ ಎಂದುಕೊಳ್ಳಿ. ಎಂಜಿನ್ ಆಯಿಲ್ ಹೊಸದು, ಆಯಿಲ್ ಫಿಲ್ಟರ್ ಹೊಸದು, ಹಣ ಕೊಟ್ಟ ಬಿಲ್ಲು ಅಪ್ಪನ ಜೇಬಿನಲ್ಲಿದೆ. ಭೀಮಾ ನದಿ ದಾಟಿ, ಝಳಕಿಯಲ್ಲಿ ಹೆದ್ದಾರಿ ಬಿಟ್ಟು ಇಂಡಿಯ ದಾರಿಗೆ ತಿರುಗುವಾಗ ನಿಮ್ಮ ಕಣ್ಣು ಡ್ಯಾಶ್‌ಬೋರ್ಡಿನತ್ತ ಹೋಗುತ್ತದೆ. ಅಲ್ಲಿ ಪುಟ್ಟ ಸ್ಪ್ಯಾನರಿನ ಚಿತ್ರ, ನಮ್ಮ ಗ್ಯಾರೇಜುಗಳ ಮಾತಿನಲ್ಲಿ ಪಾನಾ, ಸರ್ವಿಸಿಗೆ ಮೊದಲು ಹೇಗೆ ಬೆಳಗುತ್ತಿತ್ತೋ ಹಾಗೆಯೇ ಬೆಳಗುತ್ತಿದೆ. "ಆಯಿಲ್ ಬದಲಾಯಿಸಿಯೇ ಇಲ್ಲವೇನೋ" ಎಂಬ ಅನುಮಾನ ಯಾರಿಗಾದರೂ ಬರುತ್ತದೆ. ಮಿಸ್ತ್ರಿಯನ್ನು ದೂರುವ ಮುನ್ನ ಈ ದೀಪಕ್ಕೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದನ್ನು ನೋಡೋಣ.

ಬಹುತೇಕ ಕಾರುಗಳಲ್ಲಿ ಈ ದೀಪಕ್ಕೂ ಆಯಿಲಿಗೂ ನೇರ ಸಂಬಂಧವೇ ಇಲ್ಲ. ಆಯಿಲ್ ಹೊಸದೋ ಹಳೆಯದೋ ಎಂದು ನೋಡುವ ಯಾವ ಸಾಧನವೂ ಅದರ ಹಿಂದೆ ಇರುವುದಿಲ್ಲ. ಒಳಗಿನ ಪುಟ್ಟ ಕಂಪ್ಯೂಟರ್ ಕಾರು ಓಡಿದ ಕಿಲೋಮೀಟರುಗಳನ್ನು ಎಣಿಸುತ್ತದೆ, ಕೆಲವು ಕಾರುಗಳಲ್ಲಿ ದಿನಗಳನ್ನೂ ಎಣಿಸುತ್ತದೆ. ನಿಗದಿ ಮಾಡಿದ ಸಂಖ್ಯೆ ಮುಟ್ಟಿದಾಗ ದೀಪ ಹೊತ್ತಿಸುತ್ತದೆ, ಅಷ್ಟೇ. ಅಂಗಡಿಗಳ ಗೋಡೆಯ ಮೇಲಿರುವ, ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರನ್ನು ನೆನಪಿಸಿಕೊಳ್ಳಿ. ಸೂರ್ಯ ಹುಟ್ಟಿದರೂ ನಿನ್ನೆಯ ಹಾಳೆಯನ್ನು ಯಾರೂ ಹರಿಯದಿದ್ದರೆ ಅದು ನಿನ್ನೆಯ ತಾರೀಖನ್ನೇ ತೋರಿಸುತ್ತಿರುತ್ತದೆ. ಹಾಗೆಯೇ ಆಯಿಲ್ ಬದಲಾಯಿಸಿದ ಮಿಸ್ತ್ರಿ ಎಣಿಕೆಯನ್ನು ಸೊನ್ನೆಗೆ ತರಲು ಮರೆತರೆ ಸ್ಪ್ಯಾನರ್ ದೀಪ ಉರಿಯುತ್ತಲೇ ಇರುತ್ತದೆ.

ಎಣಿಕೆಯನ್ನು ಸೊನ್ನೆಗೆ ತರುವುದು ಕಷ್ಟವಲ್ಲ. ಟೊಯೊಟಾದ ಅನೇಕ ಮಾದರಿಗಳಲ್ಲಿ ಮೀಟರಿನಲ್ಲಿ ಒಟ್ಟು ಓಡಿದ ದೂರ, ಇಲ್ಲವೇ ಮೊದಲ ಟ್ರಿಪ್ ಕಾಣುವಂತೆ ಇಟ್ಟು ಕೀಲಿ ಆಫ್ ಮಾಡಬೇಕು. ಟ್ರಿಪ್ ಗುಂಡಿಯನ್ನು ಒತ್ತಿ ಹಿಡಿದೇ ಕೀಲಿಯನ್ನು ಆನ್ ಸ್ಥಾನಕ್ಕೆ ತಿರುಗಿಸಬೇಕು. ಎಂಜಿನ್ ಚಾಲೂ ಮಾಡಬಾರದು. ಮೀಟರಿನಲ್ಲಿ ಸೊನ್ನೆಗಳು ಬರುವವರೆಗೆ ಕೆಲವು ಸೆಕೆಂಡು ಗುಂಡಿ ಬಿಡಬಾರದು. ಬೇರೆ ಕಂಪನಿಗಳ ಕ್ರಮ ಬೇರೆ, ಕಾರಿನೊಂದಿಗೆ ಬಂದ ಪುಸ್ತಕದಲ್ಲಿ ಅದು ಇರುತ್ತದೆ. (ಆ ಪುಸ್ತಕ ಸಾಮಾನ್ಯವಾಗಿ ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚದ ಸ್ಥಿತಿಯಲ್ಲಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಮಲಗಿರುತ್ತದೆ!) ಬ್ಯಾಟರಿಯ ತಂತಿ ಕಿತ್ತರೆ ಸಾಕು ಎನ್ನುವವರೂ ಇದ್ದಾರೆ. ಬೇಡ. ಅನೇಕ ಕಾರುಗಳಲ್ಲಿ ಅದರಿಂದ ಎಣಿಕೆ ಅಳಿಯುವುದಿಲ್ಲ. ಬದಲಿಗೆ ನಿಜವಾದ ದೋಷವಿದ್ದರೆ ಅದರ ದಾಖಲೆಯೇ ಅಳಿದುಹೋಗಬಹುದು.

ಇದರ ಇನ್ನೊಂದು ಮುಖವನ್ನು ಜನ ಯೋಚಿಸುವುದು ಕಡಿಮೆ. ಆಯಿಲ್ ಬದಲಾಯಿಸದೆಯೂ ಯಾರು ಬೇಕಾದರೂ ಈ ಗುಂಡಿ ಒತ್ತಬಹುದು. ಹಾಗಾಗಿ ದೀಪ ಉರಿದರೆ ಕೆಲಸ ಆಗಿಲ್ಲ ಎಂದಲ್ಲ, ದೀಪ ಆರಿದರೆ ಕೆಲಸ ಆಗಿದೆ ಎಂದೂ ಅಲ್ಲ. ಎಣಿಕೆಗೆ ನಮ್ಮ ರಸ್ತೆಯೂ ಕಾಣುವುದಿಲ್ಲ. ಇಂಡಿಯಿಂದ ವಿಜಯಪುರಕ್ಕೆ ಸುಮಾರು 50 ಕಿ.ಮೀ. ದಿನವೂ ಹೋಗಿ ಬರುವ ಬಾಡಿಗೆ ಕಾರು 100 ದಿನಗಳಲ್ಲಿ 10,000 ಕಿ.ಮೀ. ಮುಟ್ಟುತ್ತದೆ. ಸಿಂದಗಿ, ಮುದ್ದೇಬಿಹಾಳದ ಹಳ್ಳಿ ದಾರಿಗಳಲ್ಲಿ ಬೇಸಿಗೆಯ ಎರೆಮಣ್ಣಿನ ಧೂಳು ಕುಡಿಯುತ್ತಾ ಓಡುವ ಕಾರಿಗೂ ಎಣಿಕೆ ಅಷ್ಟೇ. ಆದರೆ ಏರ್ ಫಿಲ್ಟರ್ ಕಟ್ಟಿಕೊಳ್ಳುವುದು ಎರಡನೆಯದರಲ್ಲಿ ಬೇಗ. ಧೂಳಿನ ದಾರಿಯಲ್ಲಿ ಅವಧಿಗೆ ಮೊದಲೇ ಫಿಲ್ಟರ್ ನೋಡಿಸಿ ಎಂದು ಕಾರು ತಯಾರಕರೇ ಹೇಳುತ್ತಾರೆ. ಕೆಲವು ಕಾರುಗಳು ಎಂಜಿನ್ ಎಷ್ಟು ಸುತ್ತು ತಿರುಗಿತು, ಎಷ್ಟು ಬಿಸಿಯಾಯಿತು ಎಂಬುದರಿಂದ ಆಯಿಲಿನ ಆಯುಷ್ಯವನ್ನು ಅಂದಾಜು ಮಾಡುವುದುಂಟು. ಅದೂ ಲೆಕ್ಕವೇ.

ಇಷ್ಟು ತಿಳಿದವರು ಮಾಡಬಹುದಾದ ದೊಡ್ಡ ಅಪಾಯವೊಂದಿದೆ: "ಓ, ಇದು ಸರ್ವಿಸ್ ದೀಪ, ಏನೂ ಆಗುವುದಿಲ್ಲ" ಎಂದು ಬೇರೆ ದೀಪವನ್ನೂ ಕಡೆಗಣಿಸುವುದು. ಸರ್ವಿಸ್ ಆದ ದಿನವೇ ಬೆಳಗಬಹುದಾದ ಇನ್ನೂ ಎರಡು ದೀಪಗಳಿವೆ. ಅವೆರಡೂ ಎಣಿಕೆಯಿಂದ ಬೆಳಗುವಂಥವಲ್ಲ, ಎಂಜಿನ್ನಿನೊಳಗಿನ ಸ್ಥಿತಿಯನ್ನು ಹೇಳುವಂಥವು.

ಮೊದಲನೆಯದು ಎಣ್ಣೆ ಕ್ಯಾನಿನ ಆಕಾರದ ಕೆಂಪು ದೀಪ. ಇದರ ಹಿಂದೆ ಆಯಿಲಿನ ಒತ್ತಡಕ್ಕೆ ಸ್ಪಂದಿಸುವ ಸಾಧನವಿದೆ. ಕೀಲಿ ಆನ್ ಮಾಡಿದಾಗ ಎಂಜಿನ್ ತಿರುಗುತ್ತಿರುವುದಿಲ್ಲ, ಆಯಿಲ್ ಪಂಪೂ ತಿರುಗುವುದಿಲ್ಲ, ಒತ್ತಡ ಸೊನ್ನೆ; ಆದ್ದರಿಂದ ದೀಪ ಬೆಳಗುತ್ತದೆ. ಎಂಜಿನ್ ಚಾಲೂ ಆದ ಕೆಲವೇ ಸೆಕೆಂಡುಗಳಲ್ಲಿ ಒತ್ತಡ ಏರಿ ದೀಪ ಆರಬೇಕು. ಓಡುತ್ತಿರುವಾಗ ಇದು ಹೊತ್ತಿಕೊಂಡರೆ ಬೇರಿಂಗುಗಳಿಗೆ ಸಾಕಷ್ಟು ಆಯಿಲ್ ತಲುಪುತ್ತಿಲ್ಲದಿರಬಹುದು. ಆಯಿಲಿನ ತೆಳುಪದರ ಇಲ್ಲವಾದರೆ ಲೋಹಕ್ಕೆ ಲೋಹ ಉಜ್ಜಿ, ಕೆಲವೇ ನಿಮಿಷಗಳಲ್ಲಿ ಎಂಜಿನ್ ಹಿಡಿದುಕೊಳ್ಳಬಹುದು. ಸರ್ವಿಸ್ ಆದ ಕೂಡಲೇ ಹೀಗಾದರೆ ಕಾರಣ ಹೆಚ್ಚಾಗಿ ಸಣ್ಣದೇ: ಕೆಳಗಿನ ಡ್ರೇನ್ ಬೋಲ್ಟು ಸಡಿಲವಾಗಿರಬಹುದು, ಅಥವಾ ಹಳೆಯ ಫಿಲ್ಟರಿನ ರಬ್ಬರ್ ವಾಷರ್ ಎಂಜಿನ್ನಿಗೇ ಅಂಟಿಕೊಂಡಿದ್ದು ಅದರ ಮೇಲೆ ಹೊಸದು ಕೂತಿರಬಹುದು. ಎರಡು ವಾಷರಿನ ನಡುವಿನಿಂದ ಆಯಿಲ್ ಚಿಮ್ಮಿಹೋಗುತ್ತದೆ. "ಊರು ಇನ್ನೇನು ಹತ್ತು ಕಿಲೋಮೀಟರ್" ಎನ್ನಬೇಡಿ. ಸುರಕ್ಷಿತ ಜಾಗ ನೋಡಿ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಟೋ ಮಾಡಿಸಿ.

ಎರಡನೆಯದು ಎಂಜಿನ್ನಿನ ಚಿತ್ರವಿರುವ ಹಳದಿ ದೀಪ. ಸೆನ್ಸರುಗಳ ಲೆಕ್ಕ ತಾಳೆಯಾಗದಿದ್ದಾಗ ಎಂಜಿನ್ನಿನ ಕಂಪ್ಯೂಟರ್ ಇದನ್ನು ಬೆಳಗಿಸಿ, ಕಾರಣವನ್ನು ಒಂದು ಸಂಕೇತವಾಗಿ ಬರೆದಿಡುತ್ತದೆ. ಸರ್ವಿಸಿನಲ್ಲಿ ಏರ್ ಫಿಲ್ಟರಿನ ಡಬ್ಬಿಯನ್ನು ಬಿಚ್ಚಿರುತ್ತಾರೆ. ಅದರ ಬಳಿ ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರ್ ಇರುವ ಕಾರುಗಳಲ್ಲಿ ಅದರ ತಂತಿಯ ಪ್ಲಗ್ಗನ್ನು ಮರಳಿ ಚುಚ್ಚಲು ಮರೆತಿರುವುದುಂಟು. ಸ್ಟೇರಿಂಗಿನ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿದರೆ ಆಗ "ಪಿ 0102" ಎಂದು ಬರಬಹುದು. ಗಾಳಿ ಅಳೆಯುವ ಸೆನ್ಸರಿನ ಸಂಜ್ಞೆ ತೀರ ಕಡಿಮೆ ಎಂಬುದು ಅದರ ಅರ್ಥ. ಸೆನ್ಸರ್ ಕೆಟ್ಟಿದೆ ಎಂದು ಅದು ಹೇಳುತ್ತಿಲ್ಲ, ಗಮನಿಸಿ! ಹೊಸ ಸೆನ್ಸರಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಎಂಜಿನ್ ಆರಿಸಿ, ಬಾನೆಟ್ ತೆಗೆದು, ಆ ಪ್ಲಗ್ಗೂ ಡಬ್ಬಿಯ ಕ್ಲಿಪ್ಪುಗಳೂ ಸರಿಯಾಗಿ ಕೂತಿವೆಯೇ ನೋಡಬೇಕು. ದೀಪ ಒಂದೇ ಸಮನೆ ಬೆಳಗುತ್ತಿದ್ದು ಕಾರು ಎಂದಿನಂತೆ ಓಡುತ್ತಿದ್ದರೆ ನಿಧಾನವಾಗಿ ಗ್ಯಾರೇಜು ತಲುಪಬಹುದು. ಮಿನುಗುತ್ತಿದ್ದು, ಎಂಜಿನ್ ನಡುಗುತ್ತಿದ್ದರೆ ನಿಲ್ಲಿಸುವುದೇ ಸರಿ.

ಈಗ ನಮ್ಮ ಸ್ಪ್ಯಾನರ್ ದೀಪಕ್ಕೆ ಮರಳೋಣ. ಆಯಿಲ್ ನಿಜವಾಗಿ ಬದಲಾಗಿದೆಯೇ? ಬಿಲ್ಲಿನಲ್ಲಿ ಆಯಿಲಿನ ಲೀಟರ್, ಫಿಲ್ಟರ್, ಅಂದಿನ ಕಿಲೋಮೀಟರ್ ಬರೆದಿದೆಯೇ ನೋಡಿ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಐದು ಹತ್ತು ನಿಮಿಷ ಬಿಡಿ. ಡಿಪ್‌ಸ್ಟಿಕ್ ಹೊರಗೆಳೆದು ಬಟ್ಟೆಯಿಂದ ಒರೆಸಿ, ಮತ್ತೆ ಪೂರ್ತಿ ಇಳಿಸಿ ತೆಗೆಯಿರಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಪೆಟ್ರೋಲ್ ಕಾರಿನಲ್ಲಿ ಹೊಸ ಆಯಿಲ್ ಜೇನಿನ ಬಣ್ಣಕ್ಕೆ ಹತ್ತಿರವಾಗಿರುತ್ತದೆ. ಡೀಸೆಲ್ ಕಾರಿನಲ್ಲಿ ಮಾತ್ರ ಬಣ್ಣ ನೋಡಿ ಜಗಳಕ್ಕೆ ಹೋಗಬೇಡಿ. ಒಳಗಿನ ಮಸಿ ಬೆರೆತು ಹೊಸ ಆಯಿಲ್ ಕೂಡ ಬಹುಬೇಗ ಕಪ್ಪಾಗುತ್ತದೆ.