ಹಳೇ ಉಂಗುರದ ಕೆಂಪು ಹರಳು: ಮಾಣಿಕವೋ, ಗಾಜೋ?

ಬೇಡಗ (ತಾ. ಮಿರಜ): "ಹರಳಿನ ತೂಕ ಕಳೀಬೇಕ್ರಿ, ಅದಕ್ಕ ರೇಟ್ ಇಲ್ಲ." ಹಳೆಯ ಉಂಗುರ ಹಿಡಿದು ಪೇಟೆಗೆ ಹೋದ ಗಡಿ ಊರಿನವರಿಗೆ ಈ ಮಾತು ಹೊಸದಲ್ಲ. ಅಂಥದೇ ಉಂಗುರವನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳಲು ಹೋದರೆ ಮಾತು ತಿರುಗುತ್ತದೆ: "ಅಸಲಿ ಮಾಣಿಕ ಐತ್ರಿ, ನೋಡ್ರಿ ಹೆಂಗ ಹೊಳೀತೈತಿ!" ನಡುವೆ ನಷ್ಟವಾಗುವುದು ಬಿತ್ತನೆಗೋ, ಮಗಳ ಮದುವೆಗೋ ಬಂಗಾರ ಮಾರುವ ಮನೆಗೆ. ಹಾಗಾದರೆ ಗೊತ್ತಿಲ್ಲದ ಹರಳನ್ನು ಗುರುತಿಸುವುದು ಹೇಗೆ?

ಮೊದಲ ಮಾತು: ಹಾಲ್‌ಮಾರ್ಕ್ ನಂಬಿ ಹರಳು ಕೊಳ್ಳಬೇಡಿ. 2000ರಲ್ಲಿ ಆರಂಭವಾಗಿ 2021ರಲ್ಲಿ ಕಡ್ಡಾಯದ ಹಾದಿ ಹಿಡಿದ ಹಾಲ್‌ಮಾರ್ಕ್ ಬಂಗಾರದ ಶುದ್ಧತೆ ಹೇಳುತ್ತದೆಯೇ ಹೊರತು ಹರಳಿನ ಜಾತಿ ಹೇಳುವುದಿಲ್ಲ.

ಕೆಂಪು ಹರಳು ಎಂದರೆ ಮಾಣಿಕವೇ ಆಗಬೇಕಿಲ್ಲ. ಕೆಂಪು ಗಾರ್ನೆಟ್ ಇರಬಹುದು, ಸ್ಪಿನೆಲ್ ಇರಬಹುದು, ಬರೀ ಗಾಜೂ ಇರಬಹುದು. ಇನ್ನೊಂದು, ಕಾರ್ಖಾನೆಯ ಮಾಣಿಕ. ಫ್ರಾನ್ಸಿನ ವಿಜ್ಞಾನಿ ವರ್ನಾಯ್ 1902ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಪುಡಿಯನ್ನು ಉರಿಯಲ್ಲಿ ಕರಗಿಸಿ ಮಾಣಿಕ ಬೆಳೆಸುತ್ತಾರೆ. ಆದ್ದರಿಂದ "ಅಜ್ಜಿ ಕಾಲದ್ದು" ಎಂದ ಮಾತ್ರಕ್ಕೆ ಹರಳು ಗಣಿಯಿಂದ ಬಂದಿದ್ದೇ ಎಂದು ಹೇಳಲಾಗದು.

ಮನೆಯಲ್ಲಿ ಏನು ನೋಡಬಹುದು?

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿಯಿರಿ. ಒಳಗೆ ದುಂಡಗಿನ ಗುಳ್ಳೆ ಕಂಡರೆ ಗಾಜು ಅಥವಾ ಕಾರ್ಖಾನೆಯ ಹರಳು ಎಂಬ ಸಂಶಯ ಬರಬೇಕು. ಬಿಲ್ಲಿನಂತೆ ಬಾಗಿದ ಗೆರೆಗಳು ವರ್ನಾಯ್ ಹರಳಿನ ಗುರುತು. ಅಂಚುಗಳು ಸವೆದು ಮೊಂಡಾಗಿದ್ದರೆ ಗಾಜಿನ ಸಾಧ್ಯತೆ ಹೆಚ್ಚು. ಮಾಣಿಕದ ಗಡಸುತನ 9, ಅದಕ್ಕಿಂತ ಮೇಲೆ ವಜ್ರ ಒಂದೇ.

ಮಾಡಬಾರದ್ದೂ ಇದೆ. ಉಜ್ಜಿ ನೋಡಬೇಡಿ, ಕಾಯಿಸಬೇಡಿ. ಹಿಂಬದಿ ಮುಚ್ಚಿದ ಹಳೆಯ ಉಂಗುರದಲ್ಲಿ ಹರಳಿನ ಕೆಳಗೆ ಬಣ್ಣದ ತಗಡಿರುವುದುಂಟು. ನೀರು ಹೊಕ್ಕರೆ ಹೊಳಪು ಹೋಗುತ್ತದೆ. 2004ರ ಸುಮಾರಿಗೆ ಪೇಟೆಗೆ ಬಂದ, ಬಿರುಕಿಗೆ ಸೀಸದ ಗಾಜು ತುಂಬಿದ ಮಾಣಿಕಕ್ಕೆ ನಿಂಬೆರಸವೂ ಸಾಕು, ಹಾಳಾಗಲು. ಪತ್ತಾರರಿಗೆ ಉಂಗುರ ಕೊಡುವಾಗಲೂ "ಬೆಂಕಿ ತಾಗಿಸೋದಿದ್ರ ಹರಳು ತೆಗೀರಿ" ಎಂದು ಹೇಳುವುದು ಒಳಿತು.

ಯಂತ್ರ ಏನು ಹೇಳುತ್ತದೆ?

ಬೆಳಕು ಹರಳಿನೊಳಗೆ ಎಷ್ಟು ಬಾಗುತ್ತದೆ ಎಂದು ಅಳೆಯುವ ಸಣ್ಣ ಯಂತ್ರವಿದೆ. ಮಾಣಿಕಕ್ಕೆ 1.76 ಮತ್ತು 1.77ರ ಆಸುಪಾಸು ಎರಡು ಅಂಕಿ ಬರುತ್ತವೆ. ಸ್ಪಿನೆಲ್‌ಗೆ 1.72ರ ಹತ್ತಿರ ಒಂದೇ ಅಂಕಿ. ಗಾರ್ನೆಟ್‌ಗೂ ಒಂದೇ. ಹರಳು ಬಿಡಿಯಾಗಿದ್ದರೆ ತೂಕವೂ ಸಾಕ್ಷಿ ಹೇಳುತ್ತದೆ: ಗಾಳಿಯಲ್ಲಿ 2 ಕ್ಯಾರೆಟ್, ನೀರಿನಲ್ಲಿ 1.5 ಕ್ಯಾರೆಟ್ ತೂಗಿದರೆ ವ್ಯತ್ಯಾಸ 0.5, 2ನ್ನು ಅದರಿಂದ ಭಾಗಿಸಿದರೆ 4. ಇದು ಮಾಣಿಕದ ಸಾಂದ್ರತೆ. ಸ್ಪಿನೆಲ್‌ದು ಸುಮಾರು 3.6. ಆದರೆ ಕಾರ್ಖಾನೆಯ ಮಾಣಿಕಕ್ಕೂ ಇವೇ ಅಂಕಿಗಳು ಬರುತ್ತವೆ. ಆಗ ಸೂಕ್ಷ್ಮದರ್ಶಕವೇ ಗತಿ. ಮುಂಬಯಿ, ಜೈಪುರಗಳಲ್ಲಿ ಇದಕ್ಕೆಂದೇ ಪ್ರಯೋಗಾಲಯಗಳಿವೆ.

ಮೋಸ ಹೋಗುವವರು ಹಳ್ಳಿಯವರಷ್ಟೇ ಅಲ್ಲ. ಬ್ರಿಟನ್ನಿನ ರಾಜಕಿರೀಟದಲ್ಲಿರುವ 'ಬ್ಲ್ಯಾಕ್ ಪ್ರಿನ್ಸ್ ರೂಬಿ' ಹೆಸರಿಗೆ ಮಾಣಿಕ, ನಿಜಕ್ಕೆ ಸ್ಪಿನೆಲ್. ಲಾಹೋರಿನಿಂದ ಇಂಗ್ಲೆಂಡಿಗೆ ಹೋದ 'ತೈಮೂರ್ ರೂಬಿ'ಯೂ ಸ್ಪಿನೆಲ್ಲೇ. ಈ ಸೀಮೆಯನ್ನೂ ಆಳಿದ ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲೇ ತನ್ನ 'ಮಾನಸೋಲ್ಲಾಸ'ದಲ್ಲಿ ರತ್ನಪರೀಕ್ಷೆಗೆ ಜಾಗ ಕೊಟ್ಟಿದ್ದ. ಅರಸನ ಖಜಾನೆಗೇ ಪರೀಕ್ಷೆ ಬೇಕಿದ್ದಾಗ ನಮ್ಮ ಟ್ರಂಕಿನ ಉಂಗುರಕ್ಕೆ ಬೇಡವೇ?

ಕೊಳ್ಳುವವರು ಬಂಗಾರದ ತೂಕ, ಹರಳಿನ ತೂಕ, ಹರಳಿನ ಹೆಸರು ಮೂರನ್ನೂ ಪಾವತಿಯಲ್ಲಿ ಬೇರೆ ಬೇರೆ ಬರೆಸಿಕೊಳ್ಳಬೇಕು. "ನೈಸರ್ಗಿಕ" ಎಂಬ ಶಬ್ದ ಬರೆಯಲು ಅಂಗಡಿಯವರು ಒಪ್ಪದಿದ್ದರೆ ಬಂಗಾರಕ್ಕಷ್ಟೇ ರೊಕ್ಕ ಕೊಡಿ. ಮಾರುವವರು ಹರಳಿಗೆ ಬೆಲೆ ಸಿಗದಿದ್ದರೆ ಅದನ್ನು ಬಿಚ್ಚಿಸಿ ಮನೆಗೆ ತನ್ನಿ. ಗಾಜಾದರೆ ಕಳೆದುಕೊಂಡದ್ದೇನಿಲ್ಲ, ಮಾಣಿಕವಾದರೆ ಅದು ನಿಮ್ಮದೇ.