ಪರೀಕ್ಷೆಗಾಗಿ ಸರ್ವರ್ ಡಿಸ್ಕ್‌ಗಳ ತಾತ್ಕಾಲಿಕ ಬದಲಾವಣೆ: ಉದ್ದಿಮೆದಾರರು ತಿಳಿದಿರಬೇಕಾದ ಅಂಶಗಳು

ಲೆಕ್ಕಪತ್ರಗಳು, ದಾಸ್ತಾನಿನ ವಿವರ, ಜಿ.ಎಸ್.ಟಿ. ಬಿಲ್ಲುಗಳು, ಗ್ರಾಹಕರ ಆದೇಶಗಳು, ಯಂತ್ರಭಾಗಗಳ ನಕ್ಷೆಗಳು ಇವೆಲ್ಲವೂ ಇಂದು ಸಣ್ಣ ಉದ್ದಿಮೆಗಳಲ್ಲಿಯೂ ಒಂದೇ ಸರ್ವರ್‌ನಲ್ಲಿ ಶೇಖರಗೊಂಡಿರುವುದು ಸಾಮಾನ್ಯ. ಪೀಣ್ಯದ ಬಿಡಿಭಾಗ ತಯಾರಕರಾಗಲಿ, ಬೆಳಗಾವಿಯ ಉದ್ಯಮಬಾಗದ ಎರಕದ ಕಾರ್ಖಾನೆಯವರಾಗಲಿ, ಸಗಟು ವರ್ತಕರಾಗಲಿ, ಪ್ರತಿ ರಾತ್ರಿ ಬ್ಯಾಕಪ್ ತೆಗೆಯುವ ಏರ್ಪಾಡನ್ನು ಬಹುತೇಕ ಮಾಡಿಕೊಂಡಿರುತ್ತಾರೆ. ಆದರೆ ಆ ಬ್ಯಾಕಪ್‌ನಿಂದ ದತ್ತಾಂಶವು ನಿಜಕ್ಕೂ ಮರಳಿ ಬರುತ್ತದೆಯೇ ಎಂಬುದನ್ನು ಪರೀಕ್ಷಿಸಿ ನೋಡುವವರು ವಿರಳ.

ಪರೀಕ್ಷಿಸಲು ಇನ್ನೊಂದು ಯಂತ್ರ ಬೇಕು. ಕೇವಲ ಪರೀಕ್ಷೆಗೆಂದು ಎರಡನೆಯ ಸರ್ವರ್ ಕೊಳ್ಳುವುದು ಸಣ್ಣ ಉದ್ದಿಮೆಗೆ ಹೊರೆ. ಇರುವ ಸರ್ವರ್‌ನ ಮೂಲ ಡಿಸ್ಕ್‌ಗಳನ್ನು ತಾತ್ಕಾಲಿಕವಾಗಿ ಹೊರತೆಗೆದು, ಬೇರೆ ಡಿಸ್ಕ್‌ಗಳನ್ನು ಹಾಕಿ ಪರೀಕ್ಷೆ ಮುಗಿಸಿ, ಮೂಲ ಡಿಸ್ಕ್‌ಗಳನ್ನು ಮತ್ತೆ ಸ್ವಸ್ಥಾನಕ್ಕೆ ಸೇರಿಸುವುದು ಇದಕ್ಕಿರುವ ಮಿತವ್ಯಯದ ಮಾರ್ಗ. ಬ್ಯಾಕಪ್ ಪರೀಕ್ಷೆಗಷ್ಟೇ ಅಲ್ಲದೆ, ಲೆಕ್ಕಪತ್ರ ತಂತ್ರಾಂಶದ ಅಥವಾ ಆಪರೇಟಿಂಗ್ ಸಿಸ್ಟಂನ ಹೊಸ ಆವೃತ್ತಿಯನ್ನು ಪ್ರಯೋಗಿಸಿ ನೋಡಲೂ ಈ ವಿಧಾನ ಉಪಯುಕ್ತ. ಕ್ರಮಬದ್ಧವಾಗಿ ನಡೆದರೆ ಮೂಲ ದತ್ತಾಂಶಕ್ಕೆ ಅಪಾಯ ಅತ್ಯಲ್ಪ. ಕ್ರಮ ತಪ್ಪಿದರೆ ಯಾವುದನ್ನು ರಕ್ಷಿಸಲು ಹೊರಟಿದ್ದೇವೆಯೋ ಅದೇ ನಾಶವಾದೀತು.

ಡಿಸ್ಕ್ ಸಮೂಹದ ಸ್ವರೂಪ

ಡಿಸ್ಕ್ ಬದಲಿಸುವ ಪದ್ಧತಿ ಹೊಸದಲ್ಲ. ಐ.ಬಿ.ಎಂ. ಸಂಸ್ಥೆಯು 1962ರಲ್ಲಿ ಹೊರತಂದ 1311 ಮಾದರಿಯಲ್ಲಿ ಡಿಸ್ಕ್‌ಗಳ ಕಟ್ಟನ್ನೇ ಕಳಚಿ ಇನ್ನೊಂದನ್ನು ಕೂರಿಸಬಹುದಿತ್ತು. ಒಂದೊಂದು ಕೆಲಸಕ್ಕೆ ಒಂದೊಂದು ಕಟ್ಟು ಇರುತ್ತಿತ್ತು. ಆದರೆ ಇಂದಿನ ಸರ್ವರ್‌ನಲ್ಲಿರುವ ಡಿಸ್ಕ್‌ಗಳು ಹಾಗೆ ಬಿಡಿಬಿಡಿಯಾಗಿ ಅರ್ಥಪೂರ್ಣವಲ್ಲ. 1988ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಅವರು ಪ್ರಬಂಧವೊಂದರಲ್ಲಿ ವಿವರಿಸಿದ ‘ರೈಡ್’ ವ್ಯವಸ್ಥೆಯಂತೆ ಹಲವು ಡಿಸ್ಕ್‌ಗಳು ಸೇರಿ ಒಂದೇ ಘಟಕವಾಗಿ ವರ್ತಿಸುತ್ತವೆ.

ಉದಾಹರಣೆಗೆ, ತಲಾ 4 ಟೆರಾಬೈಟ್‌ನ ನಾಲ್ಕು ಡಿಸ್ಕ್‌ಗಳನ್ನು ರೈಡ್-5 ಕ್ರಮದಲ್ಲಿ ಜೋಡಿಸಿದರೆ ಬಳಕೆಗೆ 12 ಟೆರಾಬೈಟ್ ಲಭ್ಯ. ಉಳಿದ ಸ್ಥಳದಲ್ಲಿ ಸಮತೋಲನ ಲೆಕ್ಕವಿರುವುದರಿಂದ ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲುವುದಿಲ್ಲ. ಎರಡನೆಯದೂ ಕೆಟ್ಟರೆ ಎಲ್ಲವೂ ಹೋದಂತೆ. ರೈಡ್-1ರಲ್ಲಿ ಎರಡು ಡಿಸ್ಕ್‌ಗಳು ಒಂದರ ಪ್ರತಿಬಿಂಬ ಇನ್ನೊಂದಾಗಿರುತ್ತವೆ. ರೈಡ್-6 ಏಕಕಾಲಕ್ಕೆ ಎರಡು ಡಿಸ್ಕ್‌ಗಳ ನಷ್ಟವನ್ನು ತಾಳಿಕೊಳ್ಳುತ್ತದೆ. ಯಾವ ಡಿಸ್ಕ್ ಯಾವ ಸಮೂಹಕ್ಕೆ ಸೇರಿದ್ದು ಎಂಬ ಗುರುತನ್ನು ರೈಡ್ ಕಂಟ್ರೋಲರ್ ಸಾಮಾನ್ಯವಾಗಿ ಡಿಸ್ಕ್‌ನ ಮೇಲೆಯೇ ಬರೆದಿಟ್ಟಿರುತ್ತದೆ. ಮೂಲ ಡಿಸ್ಕ್‌ಗಳನ್ನು ಹೊರತೆಗೆದು ಮತ್ತೆ ಸೇರಿಸಿದಾಗ ಸಮೂಹವು ಪುನಃ ಗುರುತಿಗೆ ಬರುವುದು ಇದರಿಂದಲೇ.

ಚಾಲನೆಯಲ್ಲಿರುವಾಗ ಕೈ ಹಾಕಬಾರದು

ಸರ್ವರ್ ನಡೆಯುತ್ತಿರುವಾಗಲೇ ಡಿಸ್ಕ್ ಬದಲಿಸಬಹುದಾದ ‘ಹಾಟ್ ಸ್ವಾಪ್’ ಸೌಲಭ್ಯವು ಕೆಟ್ಟ ಡಿಸ್ಕ್‌ನ ಬದಲಾವಣೆಗೆ ಇರುವಂಥದ್ದೇ ಹೊರತು ಪರೀಕ್ಷೆಗಲ್ಲ. ಚಾಲನೆಯಲ್ಲಿರುವ ಸಮೂಹದಿಂದ ಒಂದು ಡಿಸ್ಕ್ ಎಳೆದೊಡನೆ ಕಂಟ್ರೋಲರ್ ಅದನ್ನು ಕೆಟ್ಟದ್ದೆಂದು ಪರಿಗಣಿಸುತ್ತದೆ. ಒಂದೇ ನಿಮಿಷದಲ್ಲಿ ಹಿಂದಿರುಗಿಸಿದರೂ ಸಾಮಾನ್ಯವಾಗಿ ಇಡೀ ಡಿಸ್ಕ್‌ನ ಪುನರ್ರಚನೆ ಆಗಲೇಬೇಕು. ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ಎಡೆಬಿಡದೆ ಬರೆದರೂ 4 ಟೆರಾಬೈಟ್‌ಗೆ ಸುಮಾರು ಏಳೂವರೆ ಗಂಟೆ ಬೇಕು. ಕಚೇರಿಯ ಕೆಲಸವೂ ನಡೆದಿದ್ದರೆ ಇನ್ನೂ ಹೆಚ್ಚು. ಅಷ್ಟು ಹೊತ್ತು ರೈಡ್-5 ಸಮೂಹಕ್ಕೆ ಯಾವ ರಕ್ಷಣೆಯೂ ಇರುವುದಿಲ್ಲ. ಖಾಲಿಯಾದ ಸ್ಥಾನದಲ್ಲಿ ಪರೀಕ್ಷಾ ಡಿಸ್ಕ್ ಇಟ್ಟರೆ ಕೆಲವು ಕಂಟ್ರೋಲರ್‌ಗಳು ಕೇಳದೆಯೇ ಅದರ ಮೇಲೆ ಪುನರ್ರಚನೆ ಆರಂಭಿಸಿ, ಅದರಲ್ಲಿದ್ದುದನ್ನು ಅಳಿಸಿಬಿಡುತ್ತವೆ.

ರೈಡ್-1ರ ಒಂದು ಡಿಸ್ಕ್ ಎಳೆದು ಅದನ್ನೇ ‘ಬ್ಯಾಕಪ್’ ಎಂದು ಕಪಾಟಿನಲ್ಲಿಡುವ ರೂಢಿ ಕೆಲವೆಡೆ ಉಂಟು. ಇದೂ ಅಪಾಯಕರ. ಆ ಕ್ಷಣದಲ್ಲಿ ತೆರೆದಿದ್ದ ಲೆಕ್ಕಪತ್ರದ ಕಡತಗಳು, ಹಠಾತ್ತನೆ ವಿದ್ಯುತ್ ಹೋದಾಗ ಇರುವ ಸ್ಥಿತಿಯಲ್ಲಿ, ಅರ್ಧಂಬರ್ಧ ಬರೆದಂತೆ ಉಳಿಯಬಹುದು. ಮುಂದೊಮ್ಮೆ ಆ ಹಳೆಯ ಡಿಸ್ಕ್‌ನಿಂದ ಸರ್ವರ್ ನಡೆಸಿ, ಬಳಿಕ ಹೊಸದನ್ನು ಸೇರಿಸಿದಾಗ ಹಳೆಯ ದತ್ತಾಂಶವೇ ಹೊಸದರ ಮೇಲೆ ಪ್ರತಿಯಾಗುವ ಸಂಭವವಿದೆ.

ಅನುಸರಿಸಬೇಕಾದ ಕ್ರಮ

1. ಮೊದಲು ಪೂರ್ಣ ಬ್ಯಾಕಪ್‌ನ ಎರಡು ಪ್ರತಿಗಳಿರಲಿ. ಒಂದು ಪ್ರತಿ ಸರ್ವರ್‌ನಿಂದ ಸಂಪೂರ್ಣ ಬೇರ್ಪಟ್ಟಿರಲಿ.

2. ಕಂಟ್ರೋಲರ್‌ನ ಮಾದರಿ, ಫರ್ಮ್‌ವೇರ್ ಆವೃತ್ತಿ, ರೈಡ್ ಕ್ರಮ, ಬೂಟ್ ವ್ಯವಸ್ಥೆ, ಹಾಗೂ ಯಾವ ಸ್ಥಾನದಲ್ಲಿ ಯಾವ ಕ್ರಮಸಂಖ್ಯೆಯ ಡಿಸ್ಕ್ ಇದೆ ಎಂಬುದನ್ನು ಬರೆದಿಡಬೇಕು. ಮೊಬೈಲ್‌ನಲ್ಲಿ ಛಾಯಾಚಿತ್ರ ತೆಗೆದಿಡುವುದೂ ಒಳಿತು.

3. ಸಮೂಹದಲ್ಲಿ ಈಗಾಗಲೇ ದೋಷವಿದ್ದರೆ ಅಥವಾ ಯಾವುದೇ ಡಿಸ್ಕ್ ಎಚ್ಚರಿಕೆ ನೀಡುತ್ತಿದ್ದರೆ ಪರೀಕ್ಷೆಯನ್ನು ಮುಂದೂಡಬೇಕು. ವರ್ಷಗಟ್ಟಲೆ ನಿಲ್ಲದೆ ತಿರುಗಿದ ಡಿಸ್ಕ್‌ಗಳು ಒಮ್ಮೆ ನಿಂತರೆ ಮತ್ತೆ ಚಾಲೂ ಆಗದಿರುವುದುಂಟು.

4. ಡಿಸ್ಕ್‌ಗೆ ಬೀಗವಿದ್ದರೆ, ಉದಾಹರಣೆಗೆ ವಿಂಡೋಸ್‌ನ ಬಿಟ್‌ಲಾಕರ್, ಅದರ 48 ಅಂಕಿಗಳ ಪುನಃಪ್ರಾಪ್ತಿ ಕೀಲಿಯನ್ನು ಕಾಗದದ ಮೇಲೆ ಮುದ್ರಿಸಿಟ್ಟುಕೊಳ್ಳಬೇಕು. ಬೂಟ್ ವ್ಯವಸ್ಥೆ ಬದಲಾದರೆ ಯಂತ್ರವು ಈ ಕೀಲಿಯನ್ನು ಕೇಳಬಹುದು.

5. ಸರ್ವರನ್ನು ಸ್ವಿಚ್ ಒತ್ತಿ ಆರಿಸದೆ, ಕ್ರಮಬದ್ಧವಾಗಿ ಸ್ಥಗಿತಗೊಳಿಸಬೇಕು. ಕಂಟ್ರೋಲರ್‌ನ ಬ್ಯಾಟರಿ ಬೆಂಬಲಿತ ತಾತ್ಕಾಲಿಕ ಸ್ಮೃತಿಯಲ್ಲಿ ಇನ್ನೂ ಡಿಸ್ಕ್‌ಗೆ ಇಳಿಯದ ದತ್ತಾಂಶ ಉಳಿದಿದ್ದರೆ, ಮುಂದೆ ಪರೀಕ್ಷಾ ಡಿಸ್ಕ್‌ಗಳೊಡನೆ ಯಂತ್ರ ಆರಂಭವಾದಾಗ ಅದನ್ನು ‘ತ್ಯಜಿಸಬಹುದೇ’ ಎಂಬ ಪ್ರಶ್ನೆ ಬರುತ್ತದೆ. ಹೌದೆಂದರೆ ಮೂಲ ದತ್ತಾಂಶದ ಆ ಭಾಗ ಶಾಶ್ವತವಾಗಿ ನಷ್ಟ. ಈ ಪ್ರಶ್ನೆ ಬಂದಲ್ಲಿ ಯಂತ್ರವನ್ನು ಆರಿಸಿ, ಮೂಲ ಡಿಸ್ಕ್‌ಗಳನ್ನು ಮರಳಿ ಸೇರಿಸುವುದೇ ಸರಿ.

6. ಡಿಸ್ಕ್‌ಗಳ ತಿರುಗಣೆ ಪೂರ್ಣ ನಿಂತ ಮೇಲೆ ಸ್ಥಾನಸಂಖ್ಯೆಯ ಚೀಟಿ ಅಂಟಿಸಿ ಎಲ್ಲ ಮೂಲ ಡಿಸ್ಕ್‌ಗಳನ್ನೂ ಹೊರತೆಗೆಯಬೇಕು. ಒಂದನ್ನೂ ಒಳಗೆ ಬಿಡಬಾರದು. ಸ್ಥಿರವಿದ್ಯುತ್ ನಿರೋಧಕ ಚೀಲಗಳಲ್ಲಿಟ್ಟು ಬೀಗದೊಳಗೆ ಇರಿಸಬೇಕು.

7. ಪರೀಕ್ಷಾ ಡಿಸ್ಕ್‌ಗಳನ್ನು ಹಾಕುವ ಮುನ್ನ ಜಾಲದ ಕೇಬಲ್ ಕಳಚಿರಬೇಕು. ಇದನ್ನು ಮರೆಯುವವರೇ ಹೆಚ್ಚು. ಬ್ಯಾಕಪ್‌ನಿಂದ ಜೀವ ತಳೆದ ಪರೀಕ್ಷಾ ಸರ್ವರ್ ತಾನೇ ಅಸಲಿ ಎಂದು ಭಾವಿಸಿ, ನಿಗದಿತ ವೇಳೆಗೆ ತನ್ನ ಹಳೆಯ ದತ್ತಾಂಶವನ್ನು ಬ್ಯಾಕಪ್ ಪೆಟ್ಟಿಗೆಯ ಮೇಲೆ ಬರೆದುಬಿಡಬಹುದು, ಗ್ರಾಹಕರಿಗೆ ಮಿಂಚಂಚೆಗಳನ್ನೂ ಕಳುಹಿಸಬಹುದು.

8. ದತ್ತಾಂಶವನ್ನು ಹೊರಗಿನ ಬ್ಯಾಕಪ್ ಡಿಸ್ಕ್‌ನಿಂದ ಮರಳಿ ತುಂಬಿದ ಮೇಲೆ ‘ಪೂರ್ಣಗೊಂಡಿದೆ’ ಎಂಬ ಸಂದೇಶಕ್ಕೆ ತೃಪ್ತರಾಗಬಾರದು. ಲೆಕ್ಕಪುಸ್ತಕ ತೆರೆದು ಕಳೆದ ತಿಂಗಳ ಅಂತಿಮ ಶಿಲ್ಕು, ಕೊನೆಯ ಬಿಲ್ಲಿನ ಸಂಖ್ಯೆ, ದಾಸ್ತಾನಿನ ಮೊತ್ತ ಇವನ್ನು ಮುದ್ರಿತ ಪ್ರತಿಯೊಡನೆ ತಾಳೆ ನೋಡಬೇಕು. ಒಟ್ಟು ಎಷ್ಟು ಗಂಟೆ ಹಿಡಿಯಿತೆಂಬುದನ್ನೂ ಗುರುತು ಹಾಕಿಕೊಳ್ಳಬೇಕು. ನಿಜವಾದ ಅವಘಡದಲ್ಲಿ ವ್ಯಾಪಾರ ಕನಿಷ್ಠ ಅಷ್ಟು ಹೊತ್ತು ನಿಲ್ಲುತ್ತದೆ.

9. ಯಂತ್ರ ಆರಿಸಿ, ಪರೀಕ್ಷಾ ಡಿಸ್ಕ್‌ಗಳೆಲ್ಲವನ್ನೂ ತೆಗೆದು, ಮೂಲ ಡಿಸ್ಕ್‌ಗಳನ್ನು ಅವವುಗಳ ಸ್ಥಾನದಲ್ಲೇ ಕೂರಿಸಬೇಕು. ಆಗ ಅನೇಕ ಕಂಟ್ರೋಲರ್‌ಗಳು ‘ಫಾರಿನ್ ಕಾನ್ಫಿಗರೇಷನ್’, ಅಂದರೆ ಹೊರಗಿನ ಡಿಸ್ಕ್ ಸಮೂಹ ಕಂಡುಬಂದಿದೆ, ಎಂದು ತಿಳಿಸುತ್ತವೆ. ಗಾಬರಿ ಬೇಡ. ಇಲ್ಲಿ ‘ಇಂಪೋರ್ಟ್’ ಆಯ್ಕೆ ಸರಿಯಾದುದು. ‘ಕ್ಲಿಯರ್’ ಆಯ್ಕೆ ಸಮೂಹದ ಗುರುತನ್ನು ಅಳಿಸುತ್ತದೆ. ‘ಇನಿಷಿಯಲೈಸ್’ ದತ್ತಾಂಶವನ್ನೇ ಅಳಿಸಬಲ್ಲದು. ಎಲ್ಲ ಡಿಸ್ಕ್‌ಗಳೂ ಪಟ್ಟಿಯಲ್ಲಿ ಕಾಣದಿದ್ದರೆ ಏನನ್ನೂ ಒತ್ತದೆ ಯಂತ್ರ ಆರಿಸಿ ತಜ್ಞರನ್ನು ಕರೆಸಬೇಕು. ಸಮೂಹ ಸುಸ್ಥಿತಿಯಲ್ಲಿದೆಯೆಂದು ಖಚಿತವಾದ ಮೇಲೆಯೇ ಜಾಲದ ಕೇಬಲ್ ಸೇರಿಸಬೇಕು.

ಪ್ರತ್ಯೇಕ ಸಂಗ್ರಹ ಪೆಟ್ಟಿಗೆಗಳಿದ್ದಲ್ಲಿ

ಸರ್ವರ್‌ನಿಂದ ಹೊರಗೆ ಬೇರೆ ಸಂಗ್ರಹ ಪೆಟ್ಟಿಗೆ ಇದ್ದರೆ ಸ್ಥಗಿತಗೊಳಿಸುವಾಗ ಸರ್ವರ್ ಮೊದಲು, ಪೆಟ್ಟಿಗೆ ನಂತರ. ಆರಂಭಿಸುವಾಗ ಪೆಟ್ಟಿಗೆ ಮೊದಲು, ಸರ್ವರ್ ನಂತರ. ಕೆಲವು ದೊಡ್ಡ ಪೆಟ್ಟಿಗೆಗಳು ತಯಾರಕರ ಫರ್ಮ್‌ವೇರ್ ಇರುವ ಡಿಸ್ಕ್‌ಗಳನ್ನಷ್ಟೇ ಸ್ವೀಕರಿಸುತ್ತವೆ. ಇನ್ನು ಕೆಲವುಗಳಲ್ಲಿ ಡಿಸ್ಕ್‌ನ ಪ್ರತಿ ಖಂಡವು ರೂಢಿಯ 512 ಬೈಟ್‌ನ ಬದಲು 520 ಬೈಟ್ ಇರುವುದರಿಂದ, ಅಂಥ ಡಿಸ್ಕ್ ಸಾಮಾನ್ಯ ಸರ್ವರ್‌ನಲ್ಲಿ ನೇರವಾಗಿ ಬಳಕೆಗೆ ಬರುವುದಿಲ್ಲ. ಸಣ್ಣ ಕಚೇರಿಗಳ ಎನ್.ಎ.ಎಸ್. ಪೆಟ್ಟಿಗೆಗಳ ಪೈಕಿ ಹಲವುಗಳಲ್ಲಿ ಆಪರೇಟಿಂಗ್ ಸಿಸ್ಟಂ ಕೂಡ ಅದೇ ಡಿಸ್ಕ್‌ಗಳಲ್ಲಿರುತ್ತದೆ. ಖಾಲಿ ಡಿಸ್ಕ್ ಹಾಕಿದರೆ ಹೊಸದಾಗಿ ಸ್ಥಾಪಿಸಲು ಕೇಳುವುದು ಸಹಜ. ಮೂಲ ಡಿಸ್ಕ್‌ಗಳಲ್ಲಿ ಒಂದೂ ಒಳಗಿಲ್ಲವೆಂದು ಖಚಿತಪಡಿಸಿಕೊಂಡೇ ಒಪ್ಪಿಗೆ ನೀಡಬೇಕು. ಸರ್ವರ್‌ಗಳು ವರ್ಚುವಲ್ ಯಂತ್ರಗಳಾಗಿದ್ದಲ್ಲಿ ಬ್ಯಾಕಪನ್ನು ಇನ್ನೊಂದು ವರ್ಚುವಲ್ ಯಂತ್ರವಾಗಿ ಮರಳಿ ಪಡೆದು ಪರೀಕ್ಷಿಸಬಹುದು. ಡಿಸ್ಕ್ ಕಳಚುವ ಅಗತ್ಯವೇ ಬೀಳದು.

ಕಾನೂನಿನ ಹೊಣೆ

ಕಂಪನಿಗಳ ಕಾಯಿದೆ, 2013ರ 128ನೇ ಕಲಮಿನ ಪ್ರಕಾರ ಲೆಕ್ಕಪುಸ್ತಕಗಳನ್ನು ಕನಿಷ್ಠ ಎಂಟು ಆರ್ಥಿಕ ವರ್ಷಗಳ ಕಾಲ ಕಾಪಾಡತಕ್ಕದ್ದು. ಕೇಂದ್ರ ಜಿ.ಎಸ್.ಟಿ. ಕಾಯಿದೆ, 2017ರ 36ನೇ ಕಲಮಿನಂತೆ ವಾರ್ಷಿಕ ರಿಟರ್ನ್ ಸಲ್ಲಿಕೆಯ ಗಡುವಿನಿಂದ 72 ತಿಂಗಳವರೆಗೆ ದಾಖಲೆಗಳಿರಬೇಕು. 2022ರ ಆಗಸ್ಟ್‌ನಲ್ಲಿ ತಿದ್ದುಪಡಿಯಾದ ಕಂಪನಿ ಲೆಕ್ಕಪತ್ರ ನಿಯಮಗಳು ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪನ್ನು ಪ್ರತಿದಿನವೂ ಭಾರತದಲ್ಲಿರುವ ಸರ್ವರ್‌ನಲ್ಲಿ ಇರಿಸಬೇಕೆನ್ನುತ್ತವೆ. ಮರಳಿ ತೆರೆಯಲಾಗದ ಬ್ಯಾಕಪ್ ಈ ಹೊಣೆಯನ್ನು ಈಡೇರಿಸದು. ಪರೀಕ್ಷಾ ಡಿಸ್ಕ್‌ಗಳಲ್ಲಿಯೂ ವ್ಯವಹಾರದ ಸಂಪೂರ್ಣ ಪ್ರತಿ ಉಳಿದಿರುತ್ತದೆಯಾದ್ದರಿಂದ ಕೆಲಸ ಮುಗಿದ ಮೇಲೆ ಅವನ್ನು ಪೂರ್ಣವಾಗಿ ಅಳಿಸುವುದು ಅವಶ್ಯ.

ಸಮಯದ ಆಯ್ಕೆಯಲ್ಲಿಯೂ ವಿವೇಚನೆ ಬೇಕು. ಮಾಸಿಕ ರಿಟರ್ನ್ ಸಲ್ಲಿಸುವವರಿಗೆ ಜಿ.ಎಸ್.ಟಿ.ಆರ್.-1ರ 11ನೇ ತಾರೀಖು, 3ಬಿ ನಮೂನೆಯ 20ನೇ ತಾರೀಖು, ಹಾಗೂ ಮಾರ್ಚ್ ಅಂತ್ಯದ ಆಸುಪಾಸು ಸೂಕ್ತವಲ್ಲ. ಎರಡು ದಿನ ಸತತ ರಜೆ ದೊರೆಯುವ ಸಂದರ್ಭ ಉತ್ತಮ. ವಾರಂಟಿ ಅಥವಾ ವಾರ್ಷಿಕ ನಿರ್ವಹಣಾ ಕರಾರು ಇದ್ದಲ್ಲಿ ಕರಾರುದಾರರಿಗೆ ಮುಂಚಿತವಾಗಿ ತಿಳಿಸಿ, ಅವರ ಎಂಜಿನಿಯರ್ ಮತ್ತು ಸಂಸ್ಥೆಯ ಒಬ್ಬ ಹೊಣೆಗಾರ ನೌಕರ ಇಬ್ಬರ ಸಮಕ್ಷಮದಲ್ಲಿಯೇ ಈ ಕಾರ್ಯ ನಡೆಯುವಂತೆ ನೋಡಿಕೊಳ್ಳಬೇಕು.

ಪರೀಕ್ಷಿಸದ ಬ್ಯಾಕಪ್ ಎಂದರೆ ಬ್ಯಾಂಕಿಗೆ ಹಾಕಿ ನೋಡದ ಚೆಕ್ಕು. ಕೈಯಲ್ಲಿರುವಷ್ಟು ದಿನ ಅದಕ್ಕೆ ಬೆಲೆಯಿದೆಯೆಂದೇ ತೋರುತ್ತದೆ. ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆ ನಡೆಸಿ, ಫಲಿತಾಂಶವನ್ನು ದಿನಾಂಕ ಸಹಿತ ದಾಖಲಿಸಿಡುವ ಸಂಸ್ಥೆಯು, ಡಿಸ್ಕ್ ಕೆಟ್ಟ ದಿನ ಏನು ಮಾಡಬೇಕೆಂಬುದನ್ನು ಮೊದಲೇ ಬಲ್ಲದು.