ನಿಮಗಿದು ಗೊತ್ತೇ? ಹಿಮ್ಮಡಿಯ ಒಂದು ಹನಿ ರಕ್ತ

ಪುತ್ತೂರಿನಲ್ಲೋ ಸುಳ್ಯದಲ್ಲೋ ಹೆರಿಗೆಯಾಗಿ ಕೂಸು ಕಡಬದ ಮನೆಗೆ ಬರುವಷ್ಟರಲ್ಲಿ ಅದರ ಎಡತೋಳಿಗೆ ಸಾಮಾನ್ಯವಾಗಿ ಬಿಸಿಜಿ ಚುಚ್ಚಿ ಆಗಿರುತ್ತದೆ. ಈ ಲಸಿಕೆಯಲ್ಲಿರುವುದು ಶಕ್ತಿಗುಂದಿಸಿದ, ಆದರೆ ಜೀವಂತ ಬ್ಯಾಕ್ಟೀರಿಯಾ. ಉಳಿದ ಕೂಸುಗಳಿಗೆಲ್ಲ ಅದು ಕ್ಷಯದಿಂದ ರಕ್ಷೆ. ‘ಸ್ಕಿಡ್’ ಎಂಬ ಆನುವಂಶಿಕ ಕಾಯಿಲೆಯಿಂದ ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟಿದ ಅಪರೂಪದ ಕೂಸಿಗೆ ಮಾತ್ರ ಅದೇ ಸೋಂಕಾಗಿ ಮೈಯೆಲ್ಲ ಹರಡಬಹುದು.

ಹುಟ್ಟಿದಾಗ ಇಂಥ ಕೂಸು ದುಂಡಗೆ, ಚೆನ್ನಾಗಿಯೇ ಕಾಣುತ್ತದೆ. ತಾಯಿಯಿಂದ ಬಂದ ಪ್ರತಿಕಾಯಗಳು ಕೆಲವು ತಿಂಗಳು ಕಾಯುತ್ತವೆ. ಆಮೇಲೆ ಬಿಡದ ಭೇದಿ, ಮತ್ತೆ ಮತ್ತೆ ನ್ಯುಮೋನಿಯಾ, ಏರದ ತೂಕ.

ಇದನ್ನು ಮೊದಲೇ ಪತ್ತೆಹಚ್ಚುವ ದಾರಿಯೊಂದಿದೆ. ಸ್ಕಿಡ್ ಇರುವ ಕೂಸಿನಲ್ಲಿ ಇಲ್ಲದಿರುವುದು ಸೋಂಕಿನೊಡನೆ ಹೋರಾಡುವ ಟಿ ಕಣಗಳು. ಈ ಕಣಗಳು ಥೈಮಸ್ ಗ್ರಂಥಿಯಲ್ಲಿ ತಯಾರಾಗುವಾಗ ಡಿಎನ್‌ಎಯ ಚೂರೊಂದು ಕತ್ತರಿಸಿಹೋಗಿ ಉಂಗುರವಾಗುತ್ತದೆ. ಇದಕ್ಕೆ ‘ಟ್ರೆಕ್’ ಎಂದು ಹೆಸರು. ಹಿಮ್ಮಡಿಗೆ ಚುಚ್ಚಿ ಕಾಗದದ ಮೇಲೆ ಒಣಗಿಸಿದ ರಕ್ತದಲ್ಲಿ ಈ ಉಂಗುರ ಸಿಗದಿದ್ದರೆ ಸಂಶಯ ಬರಬೇಕು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 2008ರಲ್ಲಿ ಶುರುವಾದ ಈ ಪರೀಕ್ಷೆ 2018ರ ಕೊನೆಗೆ ಅಲ್ಲಿನ 50 ರಾಜ್ಯಗಳನ್ನೂ ತಲುಪಿತು. ಅಲ್ಲಿ ಸುಮಾರು 58,000 ಶಿಶುಗಳಲ್ಲಿ ಒಂದಕ್ಕೆ ಸ್ಕಿಡ್. ಮೂರೂವರೆ ತಿಂಗಳೊಳಗೆ ಅಸ್ಥಿಮಜ್ಜೆಯ ಕಸಿ ಆದವರಲ್ಲಿ 94% ಮಕ್ಕಳು ಬದುಕಿದ್ದಾರೆ. ನಮ್ಮ ದೇಶದ ಮಕ್ಕಳ ಆರೋಗ್ಯ ತಪಾಸಣೆಯ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಈ ಪರೀಕ್ಷೆ ಇಲ್ಲ.

ಹಾಗೆಂದು ಹಿಮ್ಮಡಿಯ ರಕ್ತ ಕರ್ನಾಟಕಕ್ಕೆ ಹೊಸತೇನಲ್ಲ. 1980ರ ದಶಕದಲ್ಲೇ ಇಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತ ನೋಡಿದ್ದರು, ಅಮೈನೋ ಆಮ್ಲದ ದೋಷಗಳಿಗಾಗಿ. ಆ ಶಿಶುಗಳ ತಂದೆತಾಯಿಯರಲ್ಲಿ ಸುಮಾರು ಮೂರನೇ ಒಂದು ಭಾಗ ರಕ್ತಸಂಬಂಧಿಗಳು, ಅದರಲ್ಲೂ ಸೋದರಮಾವನನ್ನು ಮದುವೆಯಾದವರೂ ಬಹಳ. ತುಳುನಾಡಿನ ಅಳಿಯಸಂತಾನದವರಲ್ಲಿ ಮಾವನೂ ಅಕ್ಕನ ಮಗಳೂ ಒಂದೇ ಬರಿ (ತಾಯಿಯ ಕಡೆಯಿಂದ ಬರುವ ಕುಲ), ಹಾಗಾಗಿ ಆ ಮದುವೆ ನಿಷಿದ್ಧ. ಮಾವನ ಮಗಳಾದರೆ ಅಡ್ಡಿಯಿಲ್ಲ! ರಕ್ತಸಂಬಂಧದಲ್ಲಿ ಮದುವೆಯಾದರೆ ಇಂಥ ಆನುವಂಶಿಕ ಕಾಯಿಲೆಗಳ ಸಾಧ್ಯತೆ ಹೆಚ್ಚು. ಆದರೆ ಸ್ಕಿಡ್‌ನ ಒಂದು ಮುಖ್ಯ ಬಗೆಗೆ ರಕ್ತಸಂಬಂಧವೇ ಬೇಕಿಲ್ಲ. ಅದು ತಾಯಿಯಿಂದ ಗಂಡುಮಗುವಿಗೆ ಬರುತ್ತದೆ, ತಾಯಿಗೆ ಏನೂ ಆಗಿರುವುದಿಲ್ಲ.

2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಸ್ಕಿಡ್‌ ಒಂದೇ ಸಲದ ಚಿಕಿತ್ಸೆಯಿಂದ ಗುಣವಾಗಬಲ್ಲ ಕಾಯಿಲೆಗಳ ಪಟ್ಟಿಯಲ್ಲಿದೆ. ನೀತಿಯಡಿಯ ಬೆಂಗಳೂರಿನ ಕೇಂದ್ರ ಇರುವುದು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ ಮತ್ತು ಇಂದಿರಾ ಗಾಂಧಿ ಆಸ್ಪತ್ರೆಯಲ್ಲಿ.

ಟ್ರೆಕ್ ಪರೀಕ್ಷೆ ಇಲ್ಲದಿದ್ದರೂ ಒಂದು ದಾರಿ ಪುತ್ತೂರಿನ ಲ್ಯಾಬಿನಲ್ಲೇ ಇದೆ: ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ. ಎಳೆಕೂಸಿನ ಲಿಂಫೋಸೈಟ್ ಸಂಖ್ಯೆ ಮೈಕ್ರೊಲೀಟರಿಗೆ 3,000ಕ್ಕಿಂತ ಕೆಳಗಿದ್ದರೆ ಅದನ್ನು ಮಕ್ಕಳ ಡಾಕ್ಟರಿಗೆ ತೋರಿಸಲೇಬೇಕು. ಎಲ್ಲ ಸ್ಕಿಡ್ ಇದರಲ್ಲಿ ಸಿಗುವುದಿಲ್ಲ, ನಿಜ. ತಾಯಿಯ ತವರಿನ ಕಡೆ ಗಂಡುಕೂಸುಗಳು ಸೋಂಕಿನಿಂದ ಸತ್ತಿದ್ದರೆ, ಬಿಸಿಜಿಗೆ ಮೊದಲೇ ಸಿಸ್ಟರಿಗೆ ಹೇಳಿ. ಆರನೇ ವಾರದ ರೋಟಾ ಹನಿಯೂ ಜೀವಂತ ಲಸಿಕೆಯೇ.